ಸೌಟು ಯಾರ ಕೈಯಲ್ಲಿ?

ಒಳ್ಳೆಯ ಈಜುಗಾರನು ಒಳ್ಳೆಯ ಅಂಬಿಗನೂ ಆಗುವನೆಂಬ ನಂಬಿಕೆ ಲೋಕದಲ್ಲಿ ಬಲವಾಗಿದೆ. ಕಾರ್ಖಾನೆಯಿರಲಿ, ಕಚೇರಿಯಿರಲಿ, ಶಾಲೆಯಿರಲಿ, ಕೆಲಸ ಬಲ್ಲವನನ್ನು ಒಂದು ಬೆಳಗ್ಗೆ ಕೆಲಸ ಮಾಡಿಸುವವನ ಕುರ್ಚಿಯಲ್ಲಿ ಕೂರಿಸಿಬಿಡುತ್ತಾರೆ. ಮಾಡುವ ವಿದ್ಯೆ ಬೇರೆ, ಮಾಡಿಸುವ ವಿದ್ಯೆ ಬೇರೆ ಎಂಬುದು ಕುಳಿತ ಮೇಲೆ ತಿಳಿಯುತ್ತದೆ.

ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರ ಮುಖ್ಯೋಪಾಧ್ಯಾಯರು ನಿವೃತ್ತರಾದರು. ಹೊಸಬರು ಬರುವವರೆಗೆ, ಸೇವೆಯಲ್ಲಿ ಹಿರಿಯರೆಂಬ ಕಾರಣದಿಂದ, ಕನ್ನಡ ಮೇಷ್ಟ್ರಿಗೆ ಪ್ರಭಾರ ಬಂದಿತು. ಇಪ್ಪತ್ತೆರಡು ವರ್ಷ ಮಕ್ಕಳನ್ನು ತಿದ್ದಿದವರು, ದೊಡ್ಡವರೊಬ್ಬರಿಗೂ ಕೆಲಸ ಹೇಳಿದವರಲ್ಲ. ಬೀಗದ ಕೈಗಳೂ ದಾಖಲೆ ಪುಸ್ತಕಗಳೂ ಒಂದೇ ಮಧ್ಯಾಹ್ನದಲ್ಲಿ ಕೈ ಬದಲಾದವು. ಹೇಳುವ ಧೈರ್ಯ ಆ ಪಟ್ಟಿಯಲ್ಲಿ ಇರಲಿಲ್ಲ.

ಮರುದಿನವೇ ಪರೀಕ್ಷೆ ಎದುರಾಯಿತು. ಗಣಿತದ ಮೇಡಂ ಪ್ರಾರ್ಥನೆ ಮುಗಿದ ಮೇಲೆ ಬಂದರು. ಹಿಂದಿನ ವಾರದವರೆಗೆ ಇಬ್ಬರೂ ಅದೇ ಬಸ್ಸಿನಲ್ಲಿ ಅಷ್ಟೇ ತಡವಾಗಿ ಬರುತ್ತಿದ್ದವರು! ಮೇಷ್ಟ್ರಿಗೆ ಮಾತು ಹೊರಡಲಿಲ್ಲ. ಆಕೆಯ ಮೊದಲ ಪಾಠವನ್ನು ತಾವೇ ಮಾಡಿದರು. ಅದೇ ನಿತ್ಯದ ಪದ್ಧತಿಯಾಯಿತು.

ಬಿಸಿಯೂಟದ ಲೆಕ್ಕವೂ ಹಾಗೆಯೇ. ಐದನೆಯ ತರಗತಿಯವರೆಗಿನ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, ಮೇಲಿನ ತರಗತಿಯವರಿಗೆ 150 ಗ್ರಾಂ. ತಲೆ ಎಣಿಸುವುದು, ತೂಗುವುದು, ಬರೆಯುವುದು ಎಲ್ಲವನ್ನೂ ಅವರೇ ಮಾಡತೊಡಗಿದರು. ತಿಂಗಳು ತುಂಬುವುದರೊಳಗೆ ಏಳನೆಯ ತರಗತಿಯ ಕನ್ನಡ ಪಾಠ ನಿಂತೇ ಹೋಯಿತು. ಮಕ್ಕಳು ಒಳ್ಳೆಯ ಮೇಷ್ಟ್ರನ್ನು ಕಳೆದುಕೊಂಡರು. ಶಾಲೆಗೆ ಮುಖ್ಯೋಪಾಧ್ಯಾಯರು ಇನ್ನೂ ದೊರೆತಿರಲಿಲ್ಲ.

ಒಂದು ದಿನ ಅವರು ಸಾರಿನ ಪಾತ್ರೆಗೂ ಕೈಹಾಕಿದಾಗ ಅಡುಗೆಯಾಕೆ ನಕ್ಕರು:

“ಸೌಟು ನನಗೆ ಬಿಡಿ, ಮೇಷ್ಟ್ರೇ. ರುಚಿ ನೋಡೋದು ನಿಮ್ಮ ಕೆಲಸ.”

ಮಕ್ಕಳಿಗೆ ಬಡಿಸುವ ಮುನ್ನ ಶಿಕ್ಷಕರು ಊಟದ ರುಚಿ ನೋಡಬೇಕೆಂಬ ನಿಯಮವಿದೆ. ದಿನವೂ ಪಾಲಿಸುತ್ತಿದ್ದ ಆ ನಿಯಮದ ಅರ್ಥ ಅಂದು ಅವರಿಗೆ ಹೊಳೆಯಿತು. ಸಂಜೆ ಎಲ್ಲರೂ ಹೋದ ಮೇಲೆ ಗಣಿತದ ಮೇಡಂ ಅವರನ್ನು ನಿಲ್ಲಿಸಿಕೊಂಡರು.

“ಮೇಡಂ, ತಡವಾಗಿ ಬರುತ್ತಿದ್ದವನೇ ನಾನು. ಆದರೆ ನಾಳೆಯಿಂದ ಮೊದಲ ಪಾಠಕ್ಕೆ ನೀವೇ ಇರಬೇಕು.”

ಆಕೆ ಮುಖ ಗಂಟಿಕ್ಕಲಿಲ್ಲ. “ಮೊದಲ ದಿನವೇ ಹೇಳಬಾರದಾಗಿತ್ತೇ, ಸರ್? ನೀವು ಸುಮ್ಮನಿದ್ದಿರಿ, ಪರವಾಗಿಲ್ಲವೆಂದುಕೊಂಡೆ” ಎಂದರು.

ಮರುದಿನ ಇಬ್ಬರೂ ಮೊದಲ ಬಸ್ಸಿಗೆ ಬಂದರು. ಧಾನ್ಯದ ಪುಸ್ತಕ ಇನ್ನೊಬ್ಬ ಶಿಕ್ಷಕರ ಕೈಗೆ ಹೋಯಿತು. ವಾರಕ್ಕೊಮ್ಮೆ ಮೇಷ್ಟ್ರು ಅದನ್ನು ನೋಡಿ ಸಹಿ ಹಾಕಿದರು. ಏಳನೆಯ ತರಗತಿಯಲ್ಲಿ ಮತ್ತೆ ಕನ್ನಡ ಕೇಳಿಸಿತು.

ಸಂಕೋಚವನ್ನು ಸೌಜನ್ಯವೆಂದು ತಿಳಿಯುವುದು ಹೊಸ ಯಜಮಾನಿಕೆಯ ಮೊದಲ ತಪ್ಪು. ಅದರ ಬೆಲೆಯನ್ನು ತೆರುವವರು ಮಾತ್ರ ಬೇರೆಯವರು.