ಹಲಗೆ ಹೊಡೆದರೆ ನೀರು ನಿಲ್ಲುತ್ತಾ?

ಏಪ್ರಿಲ್ ರಜೆಯಲ್ಲಿ ನಾವು ನಾಲ್ಕು ಜನ ಸಿವಿಲ್‌ನವರು ಗೆಳೆಯನ ಮನೆಗೆ ಹೋಗಿದ್ದೆವು. ಬಾಬಾಬುಡನ್‌ಗಿರಿ ಕಡೆಯ ಕಾಫಿ ತೋಟದ ಮನೆ. ಇಳಿಜಾರಿನಲ್ಲಿ ಧರೆ ಕಡಿದು ಕಟ್ಟಿದ್ದರಿಂದ ಕೆಳಗೊಂದು ರೂಮಿದೆ. ಹಿಂದಿನ ಗೋಡೆ ಪೂರ್ತಿ ಮಣ್ಣಿಗೆ ಒರಗಿದೆ. ಮೂಟೆ ಇಡುತ್ತಿದ್ದ ಆ ಜಾಗವನ್ನು ಹೋಂಸ್ಟೇ ರೂಮು ಮಾಡುವ ಆಸೆ ಮನೆಯವರದು. "ಜಿಪ್ಸಮ್ ಬೋರ್ಡ್ ನಾವೇ ಹೊಡೀತೀವಿ, ಕೂಲಿ ಉಳಿಯುತ್ತೆ" ಅಂದೆವು. ಅಮ್ಮ ಕಾಳುಮೆಣಸು ಮಾರಿದ ದುಡ್ಡು ಕೊಟ್ಟರು.

ವೀಡಿಯೊ ನೋಡಿ ಕೆಲಸ ಮಾಡಿದೆವು. ಎರಡು ಅಡಿಗೊಂದು ಜಿಐ ಚಾನೆಲ್, ಅದರ ಮೇಲೆ 12.5 ಮಿ.ಮೀ. ಬೋರ್ಡು, ಸಂದಿಗೆ ಟೇಪು, ಪುಟ್ಟಿ. ರೂಮು ಫಳಫಳ! ಅಜ್ಜ ಮಾತ್ರ, "ಮೊದಲು ಹಿಂದ್ಗಡೆ ಚರಂಡಿ ತೋಡ್ರೋ" ಅಂದಿದ್ದರು. ನಾವು ನಕ್ಕಿದ್ದೆವು.

ಆಗಸ್ಟ್‌ನಲ್ಲಿ ಗೆಳೆಯ ಫೋಟೊ ಕಳಿಸಿದ. ಬೋರ್ಡಿನ ಬುಡ ನೆಂದ ಬಿಸ್ಕತ್ತಿನಂತೆ ಉಬ್ಬಿತ್ತು, ಮೇಲೆಲ್ಲ ಕಪ್ಪು ಬೂಸ್ಟು. ಕಿತ್ತು ನೋಡಿದರೆ ಹಿಂದಿನ ಗೋಡೆಯಲ್ಲಿ ಬಿರುಕು.

ತಪ್ಪು ಬೋರ್ಡಿನದಲ್ಲ. ಜಿಪ್ಸಮ್ಮಿನ ತೂಕದಲ್ಲಿ ಶೇಕಡ 21ರಷ್ಟು ಹರಳಿನೊಳಗಿನ ನೀರೇ. ಬೆಂಕಿಯನ್ನು ಅದು ತಡೆಯುವುದು ಅದಕ್ಕೇ. ಆದರೆ ಹೊರಗಿನ ನೀರು ಕುಡಿದರೆ ಮೆತ್ತಗಾಗುತ್ತೆ, ಮೇಲಿನ ಕಾಗದ ಬೂಸ್ಟಿಗೆ ಊಟವಾಗುತ್ತೆ. "ಹಸಿರು ಬೋರ್ಡ್ ಹಾಕಬೇಕಿತ್ತು" ಅನ್ನುವವರಿದ್ದಾರೆ. ಅದು ತೇವದ ಗಾಳಿಯನ್ನು ತಾಳೀತು, ಸೋರುವ ಗೋಡೆಯನ್ನಲ್ಲ.

ನಮ್ಮನ್ನು ಹೆದರಿಸಿದ್ದು ಬೂಸ್ಟಲ್ಲ, ಬಿರುಕು. ಮಳೆಗಾಲದಲ್ಲಿ ಧರೆಯ ಮಣ್ಣು ನೀರು ಕುಡಿದು ಭಾರವಾಗುತ್ತೆ. ನೀರಿಗೆ ದಾರಿ ಇಲ್ಲದಿದ್ದರೆ ಅದೂ ಸೇರಿ ಗೋಡೆಯನ್ನು ತಳ್ಳುತ್ತೆ. ರಿಟೇನಿಂಗ್ ವಾಲ್ ಲೆಕ್ಕ ಮಾಡಿ ಮಾರ್ಕ್ಸ್ ತೆಗೆದುಕೊಂಡವರು ನಾವು. ಎದುರಿಗೇ ಅದೇ ಗೋಡೆ ಇದ್ದಾಗ ಗುರುತು ಹಿಡಿಯಲಿಲ್ಲ. ಬೋರ್ಡು ಹೊಡೆದು, ಮನೆಯವರಿಗೆ ಕಾಣಬೇಕಾದ ಬಿರುಕನ್ನೂ ಮುಚ್ಚಿಟ್ಟೆವು. ಆ ರೂಮಲ್ಲಿ ಅತಿಥಿಗಳು ಮಲಗಬೇಕಿತ್ತು.

ಹಾಗಂತ ಸ್ವಂತ ಕೈಯಿಂದ ಮಾಡಬೇಡಿ ಅಂತಲ್ಲ. ಮಾಡಿ, ಆದರೆ ಸರದಿ ತಪ್ಪಿಸಬೇಡಿ. ಮೊದಲು ಸೂರಿನ ನೀರು, ಧರೆಯ ಮೇಲಿನ ನೀರು ದೂರ ಹೋಗಲಿ. ಗೋಡೆಯ ಹಿಂದಿನ ನೀರಿಗೆ ಹೊರದಾರಿ ಇರಲಿ. ಆಮೇಲೆ ಎರಡಡಿ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪು ಹಾಕಿ ಅಂಟಿಸಿ, ಒಂದೆರಡು ದಿನ ಬಿಡಿ. ಒಳಮೈ ಒದ್ದೆಯಾದರೆ ನೀರು ಗೋಡೆಯಿಂದ ಬರುತ್ತಿದೆ, ಹೊರಮೈ ಒದ್ದೆಯಾದರೆ ರೂಮಿನ ಗಾಳಿಯಿಂದ. ಈ ಪರೀಕ್ಷೆಯನ್ನು ಬೇಸಿಗೆಯಲ್ಲಲ್ಲ, ಜಡಿಮಳೆಯಲ್ಲಿ ಮಾಡಬೇಕು. ನಾವು ಏಪ್ರಿಲ್‌ನಲ್ಲಿ ಗೋಡೆ ಮುಟ್ಟಿ "ಒಣಗಿದೆ" ಅಂದವರು! ಬಿರುಕು ಕಂಡರೆ ತಿಳಿದವರನ್ನು ಕರೆಸಿ. ಅದು ವೀಡಿಯೊ ನೋಡಿ ಮಾಡುವ ಕೆಲಸವಲ್ಲ.

ಅಮ್ಮ ಬೈಯಲಿಲ್ಲ. "ಹೋಗ್ಲಿ ಬಿಡ್ರೋ, ಕಾಫಿ ಕುಡೀರಿ" ಅಂದರು. ಬೈದಿದ್ದರೇ ಚೆನ್ನಾಗಿತ್ತು. ದೀಪಾವಳಿ ರಜೆಗೆ ಮತ್ತೆ ಹೊರಟಿದ್ದೇವೆ. ಈ ಸಲ ಡ್ರಿಲ್ ಮೆಷಿನ್ ಇಲ್ಲ, ಹಾರೆ, ಗುದ್ದಲಿ. ಚರಂಡಿ ಎಲ್ಲಿಂದ ತೋಡಬೇಕು ಅಂತ ಅಜ್ಜ ಹೇಳುತ್ತಾರೆ.