ಕೇಳಿದ್ದೂ ಕಂಡದ್ದೂ

ಕುಂದಲಹಳ್ಳಿಯಲ್ಲಿ ನಮ್ಮ ನೆರೆಯ ತರುಣನೊಬ್ಬನು ಮದುವೆಗಳ ಚಿತ್ರ ತೆಗೆದು ಜೀವಿಸುವವನು. ತಾಯಿಯ ಬಳೆಗಳನ್ನು ಒತ್ತೆಯಿಟ್ಟು, ಇನ್ನೊಬ್ಬರು ಬಳಸಿದ ಕ್ಯಾನನ್ ೧ಡಿ ಮಾರ್ಕ್ ೩ ಕ್ಯಾಮೆರಾವನ್ನು ಕೊಳ್ಳಬಹುದೇ ಎಂದು ಮೊನ್ನೆ ನಮ್ಮನ್ನು ಕೇಳಿದನು.

೨೦೦೭ರಲ್ಲಿ ಹೊರಬಂದ ಆ ಯಂತ್ರವು ಸೆಕೆಂಡಿಗೆ ೧೦ ಚಿತ್ರಗಳನ್ನು ಹಿಡಿಯಬಲ್ಲುದು. ಆದರೆ ಬಿಸಿಲಿನಲ್ಲಿ ಚಲಿಸುವವರ ಮೇಲೆ ಅದರ ಆಟೋಫೋಕಸ್ ಸ್ಥಿರವಾಗಿ ನಿಲ್ಲದೆಂಬ ದೂರು ಹುಟ್ಟಿತು. ತಯಾರಕರೂ ಅದೇ ವರ್ಷ ಒಳಗಿನ ಉಪದರ್ಪಣವನ್ನು ಉಚಿತವಾಗಿ ಸರಿಪಡಿಸಲು ಮುಂದಾದರು. ಆದುದರಿಂದ ದೂರು ಸುಳ್ಳಲ್ಲ. ಆದರೂ ಮುಂದಿರುವ ಈ ಒಂದು ಯಂತ್ರಕ್ಕೆ ಅದೇ ತೀರ್ಪಲ್ಲ. ಶಬ್ದದಿಂದ ಹುಟ್ಟಿದ ಸಂಶಯವನ್ನು ಪ್ರತ್ಯಕ್ಷವೇ ಕಳೆಯಬೇಕು.

“ದುರಸ್ತಿಯಾಗಿದೆಯೇ ಎಂದು ವಿಚಾರಿಸು. ನಡುಹಗಲಿನಲ್ಲಿ ಕೆರೆಯ ದಂಡೆಗೆ ಒಯ್ದು, ಓಡಿಬರುವ ಹುಡುಗನ ನೂರು ಚಿತ್ರ ತೆಗೆದು ನೋಡು. ಮಾರುವವನು ಒಪ್ಪದಿದ್ದರೆ ಬಿಟ್ಟುಬಿಡು. ಮಾಂಗಲ್ಯಧಾರಣೆಯನ್ನು ನಿನಗಾಗಿ ಯಾರೂ ಮತ್ತೊಮ್ಮೆ ನಡೆಸರು. ಪರೀಕ್ಷೆ ಮುಗಿಯುವ ತನಕ ಬಳೆಗಳು ತಾಯಿಯ ಕೈಯಲ್ಲಿಯೇ ಇರಲಿ” ಎಂದೆವು.