ಅಟ್ಟದ ಅರಿವು ಖರೀದಿ ಕೇಂದ್ರಕ್ಕೆ ತಲುಪಬೇಕು

ತುರುವೇಕೆರೆ ತಾಲ್ಲೂಕಿನ ಅಮ್ಮಸಂದ್ರದ ಸುತ್ತಮುತ್ತ ಉಂಡೆ ಕೊಬ್ಬರಿಗೆಂದು ಬಲಿತ ತೆಂಗಿನಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಹಾಕಿಡುತ್ತಾರೆ. ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪು ಬಿಟ್ಟಿದೆಯೇ ಎಂದು ತಿಳಿಯಲು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಗಡಗಡ ಸದ್ದು ಬಂದರೆ ಸುಲಿಯಬಹುದು. ಇಲ್ಲದಿದ್ದರೆ ಇನ್ನಷ್ಟು ದಿನ ಬಿಡಬೇಕು.

ಅದೇ ಕೊಬ್ಬರಿ ತಿಪಟೂರಿನ ಎಪಿಎಂಸಿಗೆ ಹೋದರೆ ಕ್ವಿಂಟಲ್‌ಗೆ ಎಷ್ಟು ಎಂಬ ಒಂದೇ ಪ್ರಶ್ನೆ. ಬೆಂಬಲ ಬೆಲೆಗೆ ಕೊಳ್ಳುವ ನಾಫೆಡ್ ಖರೀದಿ ಕೇಂದ್ರದಲ್ಲಿ ಗಾತ್ರ, ತೇವಾಂಶ, ನೋಂದಣಿ ನೋಡುತ್ತಾರೆ. ಕೃಷಿ ವಿಜ್ಞಾನಿಗಳ ಕಣ್ಣು ನುಸಿ, ಕಪ್ಪುತಲೆ ಹುಳುಗಳ ಮೇಲೆ.

ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮನ್ (1927–1998) ಒಂದೇ ವಸ್ತುವನ್ನು ಹೀಗೆ ಬೇರೆ ಬೇರೆ ಕಣ್ಣಿನಿಂದ ನೋಡುವುದನ್ನೇ ಸಿದ್ಧಾಂತವಾಗಿ ಕಟ್ಟಿದರು. ಸಮಾಜ ನಡೆಯುವುದು ಸಂವಹನದಿಂದ. ಅದರೊಳಗಿನ ಪ್ರತಿಯೊಂದು ವ್ಯವಸ್ಥೆಯೂ ಲೋಕವನ್ನು ತನ್ನದೇ ಭೇದದಿಂದ ನೋಡುತ್ತದೆ. ವಿಜ್ಞಾನಕ್ಕೆ ಸತ್ಯ–ಅಸತ್ಯ, ಕಾನೂನಿಗೆ ಸಮ್ಮತ–ಅಸಮ್ಮತ, ಮಾರುಕಟ್ಟೆಗೆ ಹಣ ಸಂದಾಯವಾಯಿತೋ ಇಲ್ಲವೋ. ಒಂದರ ತಿಳಿವಳಿಕೆ ಇನ್ನೊಂದಕ್ಕೆ ತಾನಾಗಿ ಹರಿಯುವುದಿಲ್ಲ.

ಅವರ ಇನ್ನೊಂದು ಮಾತು ತೆಂಗಿನ ಸೀಮೆಗೆ ಇನ್ನೂ ಹತ್ತಿರದ್ದು. ನಿರೀಕ್ಷೆ ಹುಸಿಯಾದಾಗ ಎರಡು ದಾರಿ: ಪಾಠ ಕಲಿತು ನಿರೀಕ್ಷೆ ಬದಲಿಸುವುದು, ಅಥವಾ ಪಟ್ಟು ಸಡಿಲಿಸದೆ ನಿಲ್ಲುವುದು. ಮೊದಲನೆಯದು ಅರಿವಿನ ದಾರಿ, ಎರಡನೆಯದು ನಿಯಮದ ದಾರಿ.

ಬೆಂಬಲ ಬೆಲೆ ಪಟ್ಟು ಹಿಡಿಯಲೆಂದೇ ಇರುವ ನಿಯಮ. 2023ರ ಹಂಗಾಮಿನ ಉಂಡೆ ಕೊಬ್ಬರಿಗೆ ಕೇಂದ್ರ ಘೋಷಿಸಿದ್ದು ಕ್ವಿಂಟಲ್‌ಗೆ ₹11,750. ಪೇಟೆ ಧಾರಣೆ ಅದಕ್ಕಿಂತ ಬಹಳ ಕೆಳಗೆ ಕುಸಿಯಿತು. ಆಗ ಸರ್ಕಾರ ಪೇಟೆಯಿಂದ ಪಾಠ ಕಲಿಯುವಂತಿಲ್ಲ, ಹೇಳಿದ ಬೆಲೆಗೆ ನಿಲ್ಲಲೇಬೇಕು. 2025ರಲ್ಲಿ ಬೆಂಬಲ ಬೆಲೆ ₹12,100 ಆಗಿತ್ತು, ಧಾರಣೆ ₹25,000 ದಾಟಿತು. ಆ ವರ್ಷ ರೈತನಿಗೆ ನಿಯಮದ ಆಸರೆ ಬೇಕಾಗಲಿಲ್ಲ, ಅಷ್ಟೆ.

ಬೆಲೆಯ ವಿಷಯದಲ್ಲಿ ಪಟ್ಟು ಇರಲಿ; ಪಾಠ ಕಲಿತು ಬದಲಾಗಬೇಕಾದದ್ದು ಕೊಬ್ಬರಿಯನ್ನು ಅಳೆಯುವ ರೀತಿ. ನುಸಿ ತಗುಲಿದ ಮರದ ಕಾಯಿ ಸಣ್ಣದಾಗುತ್ತದೆ ಎಂಬುದು ವಿಜ್ಞಾನಕ್ಕೂ ಗೊತ್ತು, ಕಾಯಿಯನ್ನು ಅಟ್ಟದಲ್ಲಿ ಹಾಕಿಡುವ ಮನೆಯವರಿಗೂ ಗೊತ್ತು. ಖರೀದಿ ಕೇಂದ್ರದ ಜರಡಿಗೆ ಮಾತ್ರ ಅದು ಬರೀ ಗುಣಮಟ್ಟವಿಲ್ಲದ ಕೊಬ್ಬರಿ. ನುಸಿಯ ಹೊರೆ ಹೀಗೆ ಇಡಿಯಾಗಿ ರೈತನ ತಲೆಗೆ ಬೀಳುವುದು ಅನ್ಯಾಯ. ತಿಪಟೂರು ಬಳಿಯ ಕೊನೆಹಳ್ಳಿ ಕೃಷಿ ವಿಜ್ಞಾನ ಕೇಂದ್ರದಿಂದ ಪ್ರತಿ ವರ್ಷ ಕೀಟಬಾಧೆಯ ವರದಿ ತರಿಸಿಕೊಂಡು, ಖರೀದಿ ಶುರುವಾಗುವ ಮುನ್ನವೇ ಗಾತ್ರದ ಮಾನದಂಡವನ್ನು ಪರಿಷ್ಕರಿಸಬೇಕು; ಆ ಸಭೆಯಲ್ಲಿ ಬೆಳೆಗಾರರೂ ಕೂರಬೇಕು.